ಮುರಿದ ಗೊಂಬೆಗೆ ಯಾವ ಅಂಟು?

ಗಣೇಶನ ಹಬ್ಬ ಮುಗಿಯಿತು ಅಂದ್ರೆ ನನಗೆ ಫೋನ್ ಬರಲು ಶುರುವಾಗುತ್ತದೆ. ನವರಾತ್ರಿಗೆ ಗೊಂಬೆ ಕೂರಿಸುವವರೆಲ್ಲ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿ ಒಮ್ಮೆ ನೋಡುವ ಕಾಲ ಅದು. ಹಳೇ ಪಂಚೆ ಬಿಚ್ಚಿದರೆ ಕೃಷ್ಣನ ಕೊಳಲು ಒಂದು ಕಡೆ, ಕೈ ಇನ್ನೊಂದು ಕಡೆ. ಶೆಟ್ಟರು ಅಂಗಡಿಯಲ್ಲಿ ಸರಿಯಾಗಿಯೇ ಕೂತಿದ್ದಾರೆ, ಆದರೆ ಶೆಟ್ಟಮ್ಮನಿಗೆ ತಲೆ ಇಲ್ಲ. ದಸರಾ ಮೆರವಣಿಗೆಯ ಆನೆಗೆ ಸೊಂಡಿಲಿಲ್ಲ. ಆಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಎಲ್ಲಕ್ಕಿಂತ ಸ್ಟ್ರಾಂಗ್ ಗಮ್ ಯಾವುದು, ಹೇಳಿ."

ಈ ಪ್ರಶ್ನೆಯೇ ಸರಿಯಿಲ್ಲ ಅನ್ನೋದು ನನ್ನ ವಾದ. ಅಂಗಡಿಯಲ್ಲಿ ಸಿಗುವ ಹೆಚ್ಚುಕಡಿಮೆ ಎಲ್ಲ ಅಂಟೂ ಮಣ್ಣಿನ ಗೊಂಬೆಗಿಂತ ಗಟ್ಟಿಯೇ. ಅಂಟಿಸಿದ್ದು ಮತ್ತೆ ಬಿಟ್ಟುಕೊಂಡರೆ ಅಂಟಿನಲ್ಲಿ ಬಲ ಸಾಲಲಿಲ್ಲ ಅಂದುಕೊಳ್ಳುತ್ತೇವೆ. ಬಿಟ್ಟುಹೋದ ಜಾಗವನ್ನು ಒಮ್ಮೆ ಸರಿಯಾಗಿ ನೋಡಿ. ಅಂಟು ಒಂದು ಕಡೆ ಹಾಳೆಯ ಹಾಗೆ ಹಾಗೇ ಕೂತಿರುತ್ತದೆ, ಇನ್ನೊಂದು ಕಡೆ ಪೂರ್ತಿ ಬರಿದು. ಅಂದ್ರೆ ಅಂಟು ಮುರಿದಿಲ್ಲ, ಅದು ಆ ಕಡೆಗೆ ಹಿಡಿದೇ ಇರಲಿಲ್ಲ. ಅಲ್ಲಿ ಧೂಳಿತ್ತು, ಎಣ್ಣೆ ಇತ್ತು, ಅಥವಾ ಬಣ್ಣದ ಪದರಕ್ಕೆ ಮಾತ್ರ ಅಂಟಿಕೊಂಡು ಬಣ್ಣವೇ ಎದ್ದು ಬಂತು. ಇದಕ್ಕೆ ಇನ್ನೂ ದುಬಾರಿ ಅಂಟು ತಂದು ಏನು ಪ್ರಯೋಜನ?

ಹಾಗಾಗಿ ಮೊದಲು ಗೊಂಬೆ ಯಾವುದರಿಂದ ಮಾಡಿದ್ದು ಅಂತ ತಿಳಿದುಕೊಳ್ಳಿ. ಬಣ್ಣ ಹಚ್ಚಿದ ಮೇಲೆ ಮಣ್ಣು, ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್), ಕಾಗದ ಎಲ್ಲ ಒಂದೇ ಥರ ಕಾಣುತ್ತವೆ, ಮುರಿದ ಜಾಗ ಮಾತ್ರ ಸುಳ್ಳು ಹೇಳುವುದಿಲ್ಲ. ಒಳಗೆ ಕೆಂಪಗಿದ್ದು ಉಗುರಲ್ಲಿ ಕೆರೆದರೂ ಉದುರದಿದ್ದರೆ ಅದು ಸುಟ್ಟ ಮಣ್ಣು. ಬೆಳ್ಳಗೆ, ಕೈಗೆ ಸುಣ್ಣದ ಹಾಗೆ ಪುಡಿ ಹತ್ತಿದರೆ ಪಿಒಪಿ. ಬೂದು ಬಣ್ಣದ ನಾರು ನಾರು ಕಂಡರೆ ಕಾಗದದ್ದು, ಎತ್ತಿದರೆ ಹಗುರವಾಗಿಯೂ ಇರುತ್ತದೆ. ಎಚ್ಚರ ಬೇಕಾದದ್ದು ಸುಡದ ಮಣ್ಣಿನ ಗೊಂಬೆಗೆ. ಹಳೇ ಗೊಂಬೆಗಳಲ್ಲಿ ಬಿಸಿಲಲ್ಲಿ ಒಣಗಿಸಿ ಬಣ್ಣ ಬಳಿದವೂ ಇರುತ್ತವೆ. ಒಡೆದ ಅಂಚಿನ ಒಳಭಾಗದಲ್ಲಿ ಒಂದೇ ಒಂದು ಹನಿ ನೀರಿಟ್ಟು ಸ್ವಲ್ಪ ಹೊತ್ತು ಬಿಟ್ಟು ಕಡ್ಡಿಯಿಂದ ಮುಟ್ಟಿ ನೋಡಿ. ಸುಟ್ಟ ಮಣ್ಣಾದರೆ ನೀರು ಕುಡಿದು ಗಟ್ಟಿಯಾಗಿಯೇ ಇರುತ್ತದೆ. ಸುಡದ್ದಾದರೆ ಕೆಸರಾಗುತ್ತದೆ. ಅಂಥ ಗೊಂಬೆಗೆ ನೀರು ಬೆರೆತ ಅಂಟನ್ನು ದಪ್ಪಗೆ ಬಳಿದರೆ ಅಂಚು ಕರಗಿ ಎರಡು ತುಂಡೂ ಒಂದಕ್ಕೊಂದು ಸರಿಯಾಗಿ ಕೂರದ ಹಾಗಾಗುತ್ತದೆ. ಆಮೇಲೆ ಯಾರೂ ಏನೂ ಮಾಡೋಕಾಗಲ್ಲ.

ಈಗ ಅಂಟಿನ ವಿಷಯ. ಮನೆಯಲ್ಲಿ ಒಂದೇ ಒಂದು ಅಂಟು ಇಟ್ಟುಕೊಳ್ಳಬೇಕು ಅಂದ್ರೆ ನಾನು ಬಿಳಿ ಅಂಟನ್ನೇ ಇಟ್ಟುಕೊಳ್ಳುತ್ತೇನೆ, ಅಂದ್ರೆ ನಮ್ಮೆಲ್ಲರ ಬಾಯಲ್ಲಿ ಫೆವಿಕಾಲ್. ಅದು 1959ರಲ್ಲಿ ಬಂತು. ಅದಕ್ಕೆ ಮೊದಲು ಬಡಗಿಗಳು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಅಂಟನ್ನು ಒಲೆ ಮೇಲೆ ಕರಗಿಸಿ, ಬಿಸಿ ಆರುವ ಮೊದಲು ಬಳಿದು ಕೆಲಸ ಮುಗಿಸಬೇಕಿತ್ತು. ವಾಸನೆ ಬೇರೆ. ಡಬ್ಬಿ ತೆಗೆದು ಹಾಗೇ ಬಳಿಯುವ ಅಂಟು ಬಂದ ಮೇಲೆ ಅವರು ಹಳೆಯದರ ಕಡೆ ತಿರುಗಿ ನೋಡದೇ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ. ಈ ಬಿಳಿ ಅಂಟು ಅಂದ್ರೆ ನೀರಿನಲ್ಲಿ ತೇಲುವ ಪಾಲಿವಿನೈಲ್ ಅಸಿಟೇಟ್‌ನ ಸಣ್ಣ ಸಣ್ಣ ಕಣಗಳು. ನೀರು ಹೊರಟುಹೋದಾಗ ಕಣಗಳು ಒಂದಕ್ಕೊಂದು ಸೇರಿ ಪಾರದರ್ಶಕ ಪದರವಾಗುತ್ತವೆ. ಬೆಳ್ಳಗಿದ್ದದ್ದು ಒಣಗಿದ ಮೇಲೆ ಕಾಣದೇ ಹೋಗುವುದು ಅದಕ್ಕೇ.

ಎಲ್ಲ ಇರುವುದು ಈ ನೀರು ಹೊರಗೆ ಹೋಗುವುದರಲ್ಲಿ. ಎರಡರಲ್ಲಿ ಒಂದು ಕಡೆಯಾದರೂ ನೀರು ಕುಡಿಯುವಂಥದ್ದಾಗಿರಬೇಕು: ಮರ, ಕಾಗದ, ರಟ್ಟು, ಬಟ್ಟೆ, ಸುಟ್ಟ ಮಣ್ಣು, ಪಿಒಪಿ. ಗಾಜಿಗೆ ಗಾಜು, ಸ್ಟೀಲಿಗೆ ಪ್ಲಾಸ್ಟಿಕ್ ಅಂಟಿಸಲು ಹೊರಟರೆ ನಡುವೆ ಸಿಕ್ಕಿಕೊಂಡ ನೀರಿಗೆ ದಾರಿಯೇ ಇರುವುದಿಲ್ಲ, ವಾರ ಬಿಟ್ಟು ನೋಡಿದರೂ ಒಳಗೆ ಹಸಿಯಾಗಿಯೇ ಇರುತ್ತದೆ. ನವರಾತ್ರಿಯ ಹೊತ್ತಿಗೆ ನಮ್ಮ ಕಡೆ ಮಳೆ ಇನ್ನೂ ಪೂರ್ತಿ ಹೋಗಿರುವುದಿಲ್ಲ, ಮಲೆನಾಡು ಕರಾವಳಿಯಲ್ಲಂತೂ ಗೋಡೆಯೇ ಒಣಗಿರುವುದಿಲ್ಲ. ಹಬ್ಬದ ಹಿಂದಿನ ರಾತ್ರಿ ಅಂಟಿಸಿ ಬೆಳಿಗ್ಗೆ ಮೆಟ್ಟಿಲ ಮೇಲೆ ನಿಲ್ಲಿಸ್ತೀನಿ ಅನ್ನುವವರು ದಯವಿಟ್ಟು ಒಂದು ವಾರ ಮೊದಲೇ ಶುರು ಮಾಡಿ. ಅರ್ಧ ಗಂಟೆಯಲ್ಲಿ ಕೈಗೆ ಗಟ್ಟಿ ಅನ್ನಿಸಬಹುದು, ಪೂರ್ತಿ ಬಲ ಬರಲು ಒಂದು ದಿನವಾದರೂ ಬೇಕು.

ಮರದ ಗೊಂಬೆಗೆ ಇದಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ. ಮರದ ನಾರಿನ ಉದ್ದಕ್ಕೆ ಸರಿಯಾಗಿ ಅಂಟಿಸಿ ಒತ್ತಿ ಹಿಡಿದರೆ ಆಮೇಲೆ ಬಡಿದಾಗ ಪಕ್ಕದ ಮರ ಮುರಿಯುತ್ತದೆಯೇ ಹೊರತು ಅಂಟಿನ ಜಾಗ ಬಿಡುವುದಿಲ್ಲ. ನಾರು ಕತ್ತರಿಸಿದ ತುದಿಗೆ ಮಾತ್ರ ಈ ಮಾತು ಹೇಳುವಂತಿಲ್ಲ. ಅದು ಅಂಟನ್ನೆಲ್ಲ ಒಳಗೆ ಎಳೆದುಕೊಂಡು ಮೇಲೆ ಏನೂ ಉಳಿಸುವುದಿಲ್ಲ. ಪಟ್ಟದ ಗೊಂಬೆಯ ಕೈ ಕಳಚಿದಾಗ ಆಗುವ ತೊಂದರೆ ಇದೇ. ಅಲ್ಲಿ ಮೊದಲು ತೆಳ್ಳಗೆ ಒಂದು ಕೈ ಬಳಿದು, ಅದು ಇಳಿದ ಮೇಲೆ ಮತ್ತೊಂದು ಕೈ ಬಳಿದು ಸೇರಿಸಿ. ಒಳಗೆ ಬಿದಿರಿನ ಸಣ್ಣ ಕಡ್ಡಿ ಗೂಟದ ಹಾಗೆ ಕೂರಿಸಿದರೆ ಇನ್ನೂ ಒಳ್ಳೆಯದು. ಹಿಂದೆ ಯಾರೋ ಅಂಟಿಸಿದ್ದ ಹಳೇ ಅಂಟು ಇದ್ದರೆ ಅದನ್ನು ಪೂರ್ತಿ ಕೆರೆದು ತೆಗೆಯಲೇಬೇಕು. ಒಣಗಿದ ಬಿಳಿ ಅಂಟಿನ ಮೇಲೆ ಹೊಸ ಬಿಳಿ ಅಂಟು ಚೆನ್ನಾಗಿ ಕೂರುವುದಿಲ್ಲ. ಅಂಚಿನಿಂದ ಉಕ್ಕಿದ್ದನ್ನು ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಿ.

ಚನ್ನಪಟ್ಟಣದ ಗೊಂಬೆಗಳಿಗೆ ಒಂದು ಬೇರೆ ಮಾತು. ಅವುಗಳ ಮೇಲಿನ ಹೊಳಪು ಪೇಂಟ್ ಅಲ್ಲ, ಅರಗು. ಮರ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅದು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಅಂಟಿಸುವ ಮೊದಲು ಸ್ಪಿರಿಟ್‌ನಿಂದ ಒರೆಸಬೇಕು ಅಂತ ಎಲ್ಲ ಕಡೆ ಹೇಳುತ್ತಾರಲ್ಲ, ಇಲ್ಲಿ ಅದನ್ನು ಮಾಡಲೇಬೇಡಿ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ, ಬಣ್ಣವೆಲ್ಲ ಬಟ್ಟೆಗೆ ಬರುತ್ತದೆ. ಗ್ಲೂ ಗನ್‌ನ ಬಿಸಿಯೂ ಬೇಡ. ಒಣ ಬಟ್ಟೆಯಲ್ಲಿ ಒರೆಸಿ, ಅಂಟು ಬೀಳುವ ಜಾಗದಲ್ಲಿ ಮಾತ್ರ ಅರಗನ್ನು ಉಪ್ಪುಕಾಗದದಿಂದ ಉಜ್ಜಿ ಮರ ಕಾಣಿಸುವ ಹಾಗೆ ಮಾಡಿ, ಅಲ್ಲಿಗೆ ಬಿಳಿ ಅಂಟು ಹಾಕಿ.

ಇನ್ನು ಎಲ್ಲರ ಕೈಯೂ ಮೊದಲು ಹೋಗುವ ಕ್ವಿಕ್ ಗಮ್. ಸಯನೋಅಕ್ರಿಲೇಟ್ ಅನ್ನುವುದು ಅದರ ಮೂಲ ವಸ್ತು, ಫೆವಿಕ್ವಿಕ್, ಸೂಪರ್ ಗ್ಲೂ ಎಲ್ಲ ಅದೇ ಜಾತಿ. ಇದರ ಕಥೆ ಮಜವಾಗಿದೆ. ಎರಡನೇ ಮಹಾಯುದ್ಧದ ಕಾಲ, 1942. ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯಲ್ಲಿ ಹ್ಯಾರಿ ಕೂವರ್ ಮತ್ತು ಜೊತೆಗಾರರು ಬಂದೂಕಿನ ಗುರಿಗನ್ನಡಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದರು. ಈ ವಸ್ತು ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ, ಕೆಲಸಕ್ಕೆ ಬಾರದು ಅಂತ ಪಕ್ಕಕ್ಕಿಟ್ಟರು. 1951ರಲ್ಲಿ ಬೇರೇನೋ ಕೆಲಸದಲ್ಲಿ ಅದೇ ವಸ್ತು ಮತ್ತೆ ಕೈಗೆ ಬಂದಾಗ, ಅಂಟಿಕೊಳ್ಳುವುದೇ ಇದರ ಗುಣ ಅಲ್ವಾ ಅಂತ ಹೊಳೆಯಿತು. 1958ರಲ್ಲಿ ಮಾರುಕಟ್ಟೆಗೆ ಬಂತು.

ಇದು ಒಣಗುವುದಿಲ್ಲ, ತೇವ ತಗುಲಿ ಗಟ್ಟಿಯಾಗುತ್ತದೆ. ಗಾಳಿಯಲ್ಲಿರುವ, ನಿಮ್ಮ ಬೆರಳಲ್ಲಿರುವ ತೇವವೇ ಸಾಕು. ಅದಕ್ಕೇ ವಸ್ತುವಿಗಿಂತ ಮೊದಲು ಬೆರಳು ಅಂಟುವುದು. ತೆಳ್ಳಗಿನ ಪದರ ಮಾತ್ರ ಬೇಗ ಹಿಡಿಯುತ್ತದೆ. ಜಾಸ್ತಿ ಹಾಕಿದರೆ ಜಾಸ್ತಿ ಗಟ್ಟಿ ಅಂದುಕೊಂಡು ಸುರಿದರೆ ಒಳಗೆ ದ್ರವವಾಗಿಯೇ ಉಳಿದು ಅಂಚಿನಿಂದ ಇಳಿಯುತ್ತದೆ. ಎರಡು ಭಾಗ ಕೂದಲೆಳೆಯೂ ಅಂತರವಿಲ್ಲದೆ ಕೂರುವಂತಿದ್ದರೆ, ಒಂದು ಹನಿ, ಅಷ್ಟೇ.

ಮಣ್ಣಿನ ಗೊಂಬೆಗೆ ಇದು ಬೇಡ ಅನ್ನಲು ನನಗೆ ಮೂರ್ನಾಲ್ಕು ಕಾರಣಗಳಿವೆ. ಮಣ್ಣು ಅದನ್ನು ಹೀರಿಕೊಳ್ಳುತ್ತದೆ, ಹೀರಿದ ಜಾಗದಲ್ಲಿ ಕಪ್ಪಗೆ ಒದ್ದೆ ಕಲೆ ಹಾಗೇ ನಿಲ್ಲುತ್ತದೆ. ತಲೆಯನ್ನು ಸರಿಯಾಗಿ ತಿರುಗಿಸಿ ಕೂರಿಸಲು ಸಮಯವೇ ಸಿಗುವುದಿಲ್ಲ, ಶೆಟ್ಟಮ್ಮ ವರ್ಷಪೂರ್ತಿ ಪಕ್ಕಕ್ಕೆ ನೋಡಿಕೊಂಡೇ ಕೂರಬೇಕಾಗುತ್ತದೆ. ಗಟ್ಟಿಯಾದ ಮೇಲೆ ಅದು ಗಾಜಿನ ಹಾಗೆ ಪೆಡಸು, ಎಳೆದರೆ ತಡೆಯುತ್ತದೆ, ತಟ್ಟಿದರೆ ಬಿಡುತ್ತದೆ. ಪೆಟ್ಟಿಗೆಯಲ್ಲಿ ಇನ್ನೊಂದು ಗೊಂಬೆ ಒರಗಿದರೆ ಸಾಕು. ಇದಲ್ಲದೆ ಅದರಿಂದ ಏಳುವ ಆವಿ ಪಕ್ಕದ ಹೊಳೆಯುವ ಜಾಗದ ಮೇಲೆ ಬಿಳಿ ಮಂಜಿನ ಹಾಗೆ ಕೂರುತ್ತದೆ. ಕನ್ನಡಿ ಚೂರು, ಕುಂದನ್ ಕಲ್ಲು, ಚಿನ್ನದ ಬಣ್ಣದ ಮೇಲೆ ಅದು ಎದ್ದು ಕಾಣುತ್ತದೆ.

ಹತ್ತಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಕ್ವಿಕ್ ಗಮ್ ಹತ್ತಿಗೆ ತಾಗಿದರೆ ಅದು ಬಹಳ ಬೇಗ ಗಟ್ಟಿಯಾಗುತ್ತಾ ಬಿಸಿಯಾಗುತ್ತದೆ, ಕೈ ಸುಡುವಷ್ಟು, ಹೊಗೆ ಬರುವಷ್ಟು. ಚೆಲ್ಲಿದ್ದನ್ನು ಹತ್ತಿ ಬಟ್ಟೆಯಲ್ಲಿ ಒರೆಸುವುದು, ಇಯರ್ ಬಡ್‌ನಿಂದ ಬಳಿಯುವುದು ಬೇಡವೇ ಬೇಡ. ಬೆರಳು ಅಂಟಿದರೆ ಎಳೆದು ಚರ್ಮ ಕಿತ್ತುಕೊಳ್ಳಬೇಡಿ. ಬೆಚ್ಚಗಿನ ಸೋಪು ನೀರಲ್ಲಿ ನೆನೆಸಿ ನಿಧಾನವಾಗಿ ಹೊರಳಿಸುತ್ತಾ ಬಿಡಿಸಿ. ಆಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಇದನ್ನು ಕರಗಿಸುತ್ತದೆ, ಆದರೆ ಕಣ್ಣು ಬಾಯಿಯ ಹತ್ತಿರ ಅದನ್ನು ತರಬಾರದು. ಕಣ್ಣಿಗೆ ಬಿದ್ದರೆ ರೆಪ್ಪೆಯನ್ನು ಬಲವಂತವಾಗಿ ತೆರೆಯದೆ ನೀರು ಹಾಕಿಕೊಳ್ಳುತ್ತಾ ಆಸ್ಪತ್ರೆಗೆ ಹೋಗಿ. ಇನ್ನೊಂದು ವಿಷಯ, ಈ ಟ್ಯೂಬನ್ನು ಔಷಧಿ ಡಬ್ಬಿಯ ಹತ್ತಿರ ಇಡಬೇಡಿ. ಕಣ್ಣಿನ ಡ್ರಾಪ್ಸ್ ಅಂದುಕೊಂಡು ಹಾಕಿಕೊಂಡವರು ಜಗತ್ತಿನ ಎಲ್ಲ ಕಡೆ ಇದ್ದಾರೆ. ವಯಸ್ಸಾದವರು, ಕನ್ನಡಕ ತೆಗೆದಿಟ್ಟವರು ಮನೆಯಲ್ಲಿದ್ದರೆ ಇನ್ನೂ ಜೋಪಾನ. ದೊಡ್ಡ ಬಾಟಲಿಯನ್ನೂ ತರಬೇಡಿ, ಒಮ್ಮೆ ತೆರೆದರೆ ಮುಂದಿನ ಸಲದ ಹೊತ್ತಿಗೆ ಕಲ್ಲಾಗಿರುತ್ತದೆ. ಚಿಕ್ಕ ಟ್ಯೂಬೇ ಲೆಕ್ಕದಲ್ಲಿ ಅಗ್ಗ.

ಇಷ್ಟು ಬೈದ ಮೇಲೂ ಇದು ಕೆಲಸಕ್ಕೆ ಬರುವ ಜಾಗಗಳಿವೆ. ಗಟ್ಟಿ ಪ್ಲಾಸ್ಟಿಕ್ ಗೊಂಬೆಯ ಸಣ್ಣ ಬೆರಳು, ಪಿಂಗಾಣಿಯ ಚಿಕ್ಕ ಚೂರು, ಮಣಿ ಸರದ ಗಂಟು ಬಿಚ್ಚದ ಹಾಗೆ ಒಂದು ಹನಿ (ನೈಲಾನ್ ದಾರವಾದರೆ). ಸಣ್ಣ ಕುಳಿ ತುಂಬಬೇಕಾದರೆ ಈ ಅಂಟಿನ ಮೇಲೆ ಅಡುಗೆ ಸೋಡಾ ಉದುರಿಸಿದರೆ ತಕ್ಷಣ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಬಿಸಿಯೂ ಆಗುತ್ತದೆ, ಬೆರಳು ದೂರವಿರಲಿ.

ಭಾರ ಹೊರುವ ಜಾಗಕ್ಕೆ, ಅಂದ್ರೆ ಕುತ್ತಿಗೆ, ಆನೆಯ ಕಾಲು, ನಿಂತ ಗೊಂಬೆಯ ಪಾದಕ್ಕೆ, ಎಪಾಕ್ಸಿ ಬೇಕು. ಅರಾಲ್ಡೈಟ್ ಅಂತ ಕೇಳಿದರೆ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಕೊಡುತ್ತಾರೆ. ಎರಡು ಟ್ಯೂಬ್: ಒಂದು ರೆಸಿನ್, ಒಂದು ಹಾರ್ಡ್‌ನರ್. ಸಿಡ್ನಿಯ ಆಪೆರಾ ಹೌಸ್‌ನ ಕಾಂಕ್ರೀಟ್ ತುಂಡುಗಳನ್ನು ಒಂದಕ್ಕೊಂದು ಸೇರಿಸಲು ಎಪಾಕ್ಸಿ ಬಳಸಿದ್ದಾರೆ ಅಂದ ಮೇಲೆ ನಮ್ಮ ಆನೆಯ ಕಾಲಿನ ಬಗ್ಗೆ ಚಿಂತೆ ಬೇಡ. ಇಲ್ಲಿ ನೀರು ಆರುವುದಿಲ್ಲ. ಎರಡು ವಸ್ತು ಸೇರಿ ಹೊಸ ವಸ್ತುವೇ ಆಗುತ್ತದೆ. ಹಾಗಾಗಿ ಪೊಟ್ಟಣದ ಮೇಲಿರುವ ಅಳತೆಗೆ ಸರಿಯಾಗಿ ತೆಗೆದುಕೊಳ್ಳಬೇಕು. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕುವವರಿದ್ದಾರೆ. ಜೊತೆ ಸಿಗದೆ ಉಳಿದ ಹಾರ್ಡ್‌ನರ್ ಒಳಗೇ ಕೂತು ಅಂಟು ಮೆತ್ತಗೆ, ಜಿಗುಟಾಗಿ ಉಳಿಯುತ್ತದೆ. ಹಳೇ ರಟ್ಟಿನ ಮೇಲೆ ಎರಡನ್ನೂ ಹಿಂಡಿ ಕಡ್ಡಿಯಿಂದ ಒಂದೆರಡು ನಿಮಿಷ ಚೆನ್ನಾಗಿ ಕಲಸಿ, ಅಂಚಿನಲ್ಲಿ ಕಲಸದೆ ಉಳಿದದ್ದನ್ನೂ ಒಳಗೆ ಎಳೆದುಕೊಳ್ಳಿ.

ಎಪಾಕ್ಸಿಯಲ್ಲಿ 5 ನಿಮಿಷಕ್ಕೆ ಹಿಡಿಯುವುದೂ ಇದೆ, ಗಂಟೆಗಟ್ಟಲೆ ತೆಗೆದುಕೊಳ್ಳುವುದೂ ಇದೆ. ಪುರುಸೊತ್ತಿದ್ದರೆ ನಿಧಾನದ್ದನ್ನೇ ತನ್ನಿ. ಸಾಮಾನ್ಯವಾಗಿ ಅದೇ ಹೆಚ್ಚು ಗಟ್ಟಿ, ತಪ್ಪಾಗಿ ಕೂತರೆ ಸರಿಮಾಡಲು ಸಮಯವೂ ಇರುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಕೆಲವರಿಗೆ ಮುಟ್ಟುತ್ತಾ ಮುಟ್ಟುತ್ತಾ ಅಲರ್ಜಿ ಬಂದುಬಿಡುತ್ತದೆ, ಬಂದ ಮೇಲೆ ಹೋಗುವುದಿಲ್ಲ. ಉಕ್ಕಿದ್ದನ್ನು ಗಟ್ಟಿಯಾಗುವ ಮೊದಲೇ ಸ್ಪಿರಿಟ್ ಬಟ್ಟೆಯಿಂದ ತೆಗೆಯಿರಿ. ಬಿಸಿಲಿಗೆ ಇದು ಹಳದಿಯಾಗುತ್ತದೆ ಅನ್ನುವುದೂ ನೆನಪಿರಲಿ, ಕಿಟಕಿಯ ಪಕ್ಕ ಇಡುವ ಬಿಳಿ ಗೊಂಬೆಯಾದರೆ ಕೀಲಿನ ಗೆರೆ ಕಾಣಿಸುತ್ತದೆ.

ಮೂಗು, ಬೆರಳು, ಕಿರೀಟದ ತುದಿ ಕಳೆದೇ ಹೋಗಿದ್ದರೆ ಎಂ-ಸೀಲ್. ಇದೂ ಎಪಾಕ್ಸಿಯೇ, ಆದರೆ ಹಿಟ್ಟಿನ ರೂಪದಲ್ಲಿ. ಗ್ಲೌಸ್ ಹಾಕಿಕೊಂಡು ಎರಡು ಉಂಡೆಯನ್ನು ಬಣ್ಣ ಒಂದೇ ಆಗುವವರೆಗೆ ನಾದಬೇಕು. ಬಣ್ಣದ ಗೆರೆ ಒಂದೂ ಉಳಿಯಬಾರದು. ಒದ್ದೆ ಬೆರಳಲ್ಲಿ ರೂಪ ಕೊಡಿ, ಗಟ್ಟಿಯಾದ ಮೇಲೆ ಉಪ್ಪುಕಾಗದ ಹಿಡಿದು ನಯ ಮಾಡಿ, ಬಣ್ಣ ಹಚ್ಚಿ.

ಅಂಟು ಯಾವುದೇ ಇರಲಿ, ಅಂಟಿಸುವ ಮೊದಲಿನ ಕೆಲಸವೇ ದೊಡ್ಡದು, ಇದನ್ನು ಯಾರೂ ಮಾಡುವುದಿಲ್ಲ. ಒಡೆದ ಅಂಚನ್ನು ಮೆದು ಬ್ರಷ್‌ನಿಂದ ಧೂಳು ತೆಗೆಯಿರಿ. ಮಣ್ಣಿನ ಅಂಚನ್ನು ಉಪ್ಪುಕಾಗದದಿಂದ ಉಜ್ಜಬೇಡಿ, ಉಜ್ಜಿದಷ್ಟೂ ಎರಡರ ನಡುವೆ ಅಂತರ ಬರುತ್ತದೆ. ಲೋಹ, ಗಟ್ಟಿ ಪ್ಲಾಸ್ಟಿಕ್ ಆದರೆ ಉಲ್ಟಾ, ಉಜ್ಜಲೇಬೇಕು. ನುಣುಪಾದ ಮೇಲ್ಮೈಯನ್ನು ಒರಟು ಮಾಡಿ, ಸ್ಪಿರಿಟ್‌ನಲ್ಲಿ ಒರೆಸಿ, ಆಮೇಲೆ ಅಲ್ಲಿ ಬೆರಳಿಡಬೇಡಿ. ಪಿಒಪಿ ಅಂಚು ಪುಡಿಯಾಗುತ್ತಿದ್ದರೆ ನೀರು ಬೆರೆಸಿದ ಫೆವಿಕಾಲ್ ಒಂದು ಕೈ ಬಳಿದು ಒಣಗಲು ಬಿಡಿ, ಪುಡಿಯ ಮೇಲೆ ಅಂಟಿಸಿದ್ದು ಪುಡಿಯ ಜೊತೆಗೇ ಬರುತ್ತದೆ. ಆಮೇಲೆ ಅಂಟಿಲ್ಲದೆ ಎಲ್ಲ ತುಂಡು ಒಮ್ಮೆ ಜೋಡಿಸಿ ನೋಡಿ. ಯಾವುದರ ನಂತರ ಯಾವುದು ಅಂತ ಪೆನ್ಸಿಲ್‌ನಲ್ಲಿ ನಂಬರ್ ಹಾಕಿ. ಐದಾರು ಚೂರಾದ ಗೊಂಬೆಯಲ್ಲಿ ಕ್ರಮ ತಪ್ಪಿದರೆ ಕೊನೆಯ ಚೂರು ಒಳಗೆ ಹೋಗುವುದಿಲ್ಲ.

ಹಿಡಿದುಕೊಂಡು ಕೂರುವುದಕ್ಕೆ ವಸ್ತುಸಂಗ್ರಹಾಲಯದವರ ಒಂದು ಉಪಾಯ ನನಗೆ ಬಹಳ ಇಷ್ಟ. ಒಂದು ಟಬ್‌ನಲ್ಲಿ ಒಣ ಮರಳು ತುಂಬಿ, ಗೊಂಬೆಯ ದೊಡ್ಡ ಭಾಗವನ್ನು ಅದರಲ್ಲಿ ಹೂತು ನಿಲ್ಲಿಸುತ್ತಾರೆ, ಒಡೆದ ಬಾಯಿ ಮೇಲೆ ಮಟ್ಟಸವಾಗಿ ಬರುವ ಹಾಗೆ. ತುಂಡನ್ನು ಮೇಲಿಟ್ಟರೆ ಅದರ ಭಾರವೇ ಅದನ್ನು ಒತ್ತಿ ಹಿಡಿಯುತ್ತದೆ. ಕ್ಲಾಂಪ್ ಬೇಡ, ಕೈ ನೋಯುವುದಿಲ್ಲ. ಮರಳು ಸಿಗದಿದ್ದರೆ ಅಕ್ಕಿ ಆಗುತ್ತದೆ, ಆಮೇಲೆ ಅದನ್ನು ಅನ್ನಕ್ಕೆ ಹಾಕಬೇಡಿ ಅಷ್ಟೇ. ಉಳಿದ ಕಡೆ ರಬ್ಬರ್ ಬ್ಯಾಂಡ್, ಬಟ್ಟೆ ಕ್ಲಿಪ್, ಮಾಸ್ಕಿಂಗ್ ಟೇಪ್ ಸಾಕು. ಹಳೇ ಬಣ್ಣದ ಮೇಲೆ ಸೆಲ್ಲೋ ಟೇಪ್ ಹಚ್ಚಬೇಡಿ, ಕೀಳುವಾಗ ಬಣ್ಣ ಬರುತ್ತದೆ.

ಅದೇ ವಸ್ತುಸಂಗ್ರಹಾಲಯದವರು ಹಳೇ ಮಡಕೆ ಜೋಡಿಸಲು ಬಹುವಾಗಿ ಬಳಸುವುದು ಪ್ಯಾರಾಲಾಯ್ಡ್ ಬಿ-72 ಅನ್ನುವ ಅಕ್ರಿಲಿಕ್ ರೆಸಿನ್. ಆಸಿಟೋನ್‌ನಲ್ಲಿ ಕರಗಿಸಿ ಹಚ್ಚುತ್ತಾರೆ. ಅದು ಎಪಾಕ್ಸಿಯಷ್ಟು ಗಟ್ಟಿಯಲ್ಲ, ಬೇಕೆಂದೇ ಹಾಗಿರುವುದನ್ನು ಆರಿಸಿಕೊಂಡಿದ್ದಾರೆ. ನಾಳೆ ತಪ್ಪು ಕಂಡರೆ ಆಸಿಟೋನ್ ಹಾಕಿ ಬಿಡಿಸಿ ಮತ್ತೆ ಜೋಡಿಸಬಹುದು. ಮತ್ತೆ ಪೆಟ್ಟು ಬಿದ್ದರೆ ಅಂಟು ಬಿಡಬೇಕು, ಹೊಸ ಜಾಗದಲ್ಲಿ ಮಡಕೆ ಒಡೆಯಬಾರದು. ಅಜ್ಜಿ ಕಾಲದ, ಇನ್ನೊಂದು ಸಿಗದಂಥ ಮಣ್ಣಿನ ಗೊಂಬೆ ಇದ್ದರೆ ನಾನು ಎಪಾಕ್ಸಿ ಮುಟ್ಟದೇ ಇರುವುದು ಇದೇ ಕಾರಣಕ್ಕೆ. ಸುಡದ ಮಣ್ಣಿಗೂ ಈ ಬಿ-72 ಹೊಂದುತ್ತದೆ, ಯಾಕೆಂದರೆ ಇದರಲ್ಲಿ ನೀರಿಲ್ಲ. ಊರಿನ ಅಂಗಡಿಯಲ್ಲಿ ಸಿಗುವುದು ಕಷ್ಟ, ತರಿಸಿಕೊಳ್ಳಬೇಕು. ಆಸಿಟೋನ್‌ಗೆ ಬೇಗ ಬೆಂಕಿ ಹತ್ತುತ್ತದೆ, ದೇವರ ದೀಪದ ಹತ್ತಿರ ಕೂತು ಈ ಕೆಲಸ ಬೇಡ. ಗೊಂಬೆಯ ಬಣ್ಣಕ್ಕೆ ಅದು ತಾಗದ ಹಾಗೂ ನೋಡಿಕೊಳ್ಳಿ.

ಬೇಕಾದಾಗ ಬಿಡಿಸಬಹುದಾದ ಈ ಗುಣ ಹಳಬರ ಅಂಟುಗಳಲ್ಲೂ ಇತ್ತು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಮಾಡುವವರು ಹುಣಸೆ ಬೀಜದ ಅಂಟು ಬಳಸುತ್ತಾರೆ. ಮರದ ಪುಡಿ, ಸೆಣಬಿನ ಚೂರು ಅದರಲ್ಲಿ ಕಲಸಿ ಗೊಂಬೆಯ ಮೈ ತಿದ್ದುತ್ತಾರೆ. ಚಳ್ಳಕೆರೆ ಕಡೆ ಕಂಬಳಿ ನೇಯುವವರೂ ಎಳೆ ಗಟ್ಟಿಯಾಗಲು ಹುಣಸೆ ಬೀಜದ ಸರಿಯನ್ನೇ ಹಚ್ಚುತ್ತಾರೆ. ಬೀಜ ಹುರಿದು ಸಿಪ್ಪೆ ತೆಗೆದು, ನೆನೆಸಿ ರುಬ್ಬಿ ಬೇಯಿಸಿದರೆ ಆಯಿತು. ನೀರು ತಾಗಿದರೆ ಮೆತ್ತಗಾಗುತ್ತದೆ, ಹುಳ ಬರುತ್ತದೆ, ಇವು ಅದರ ತೊಂದರೆ. ಮೈದಾ ಅಂಟಿಗೆ ಮೈಲುತುತ್ತ ಸೇರಿಸುವುದು ಹುಳದ ಕಾಟಕ್ಕೇ. ಅದು ವಿಷ, ಮಕ್ಕಳು ಕಾಗದ ಅಂಟಿಸುವ ಬಟ್ಟಲಿಗೆ ಅದನ್ನು ಹಾಕಬೇಡಿ.

ಗೊಂಬೆಯ ಅಲಂಕಾರಕ್ಕೆ ಬಂದರೆ, ಕುಂದನ್ ಕಲ್ಲು, ಮುತ್ತು, ಚಮಕಿ ಅಂಟಿಸಲು ಬಿ-7000 ಅಂತ ಸೂಜಿ ಮೂತಿಯ ಟ್ಯೂಬ್ ಸಿಗುತ್ತದೆ. ಟೈಲರಿಂಗ್ ಸಾಮಾನು ಮಾರುವ ಕಡೆಯೂ ಇರುತ್ತದೆ, ಮೊಬೈಲ್ ರಿಪೇರಿಯವರ ಹತ್ತಿರವೂ ಇರುತ್ತದೆ. ಒಣಗಿದ ಮೇಲೂ ರಬ್ಬರಿನ ಹಾಗೆ ಬಾಗುವುದರಿಂದ ಬಟ್ಟೆ ಮಡಿಸಿದರೂ ಕಲ್ಲು ಉದುರುವುದಿಲ್ಲ, ಮಂಜೂ ಕೂರುವುದಿಲ್ಲ. ರೇಷ್ಮೆ ದಾರದ ಬಳೆಗೆ ದಾರ ಸುತ್ತುವಾಗ ಫೆವಿಕಾಲ್ ತೆಳ್ಳಗೆ ಸಾಕು, ಮೇಲೆ ಕಲ್ಲು ಕೂರಿಸಲು ಮಾತ್ರ ಇದು. ಟೆರಾಕೋಟಾ ಓಲೆಯ ಹಿಂದಿನ ಕಡ್ಡಿ ಯಾವಾಗಲೂ ಕಿತ್ತು ಬರುತ್ತದೆ ಅನ್ನುವವರು ಹೆಚ್ಚು. ಅಲ್ಲಿ ಅಂಟು ಹಿಡಿಯಲು ಇರುವ ಜಾಗ ಸಾಸಿವೆಗಿಂತ ಸ್ವಲ್ಪ ದೊಡ್ಡದು, ಹಾಕುವಾಗ ತೆಗೆಯುವಾಗ ಒಂದು ಅಂಚಿನಿಂದ ಸಿಪ್ಪೆ ಸುಲಿದಂತೆ ಎಳೆತ ಬೀಳುತ್ತದೆ. ಗಟ್ಟಿ ಅಂಟುಗಳು ಈ ಥರದ ಎಳೆತಕ್ಕೇ ಸೋಲುವುದು. ಮಣ್ಣು ಹಸಿ ಇರುವಾಗಲೇ ಹಿಂದೆ ಸಣ್ಣ ಗುಳಿ ಮಾಡಿ, ಸುಟ್ಟ ಮೇಲೆ ಕಡ್ಡಿಯ ತಟ್ಟೆಯನ್ನು ಉಜ್ಜಿ ಆ ಗುಳಿಯೊಳಗೆ ಎಪಾಕ್ಸಿಯಲ್ಲಿ ಕೂರಿಸಿ.

ಗ್ಲೂ ಗನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಟ್ಟಿನ ಮೆಟ್ಟಿಲು, ಹೂವಿನ ತೋರಣ, ಹತ್ತು ದಿನ ನಿಂತರೆ ಸಾಕಾದ ಕೆಲಸಕ್ಕೆ ಸರಿ. ನುಣುಪು ಲೋಹಕ್ಕೆ, ಬಿಸಿಲಿಗೆ ನಿಲ್ಲುವುದಕ್ಕೆ ಬೇಡ. ಥರ್ಮಾಕೋಲ್‌ಗೆ ಸೈಕಲ್ ಪಂಕ್ಚರ್ ಹಾಕುವ ಸೊಲ್ಯೂಷನ್, ಚಪ್ಪಲಿ ಅಂಟು ಹಾಕಿದರೆ ಅದು ಕರಗಿ ತೂತಾಗುತ್ತದೆ. ಅಲಂಕಾರದ ಥರ್ಮಾಕೋಲ್ ಅನ್ನು 2022ರ ಜುಲೈನಿಂದ ದೇಶದಲ್ಲೇ ನಿಷೇಧಿಸಿದ್ದಾರೆ, ಹಾಗಾಗಿ ರಟ್ಟಿಗೇ ಬನ್ನಿ. ಸೊಲ್ಯೂಷನ್ ಒಳ್ಳೆಯದಾಗುವುದು ರಬ್ಬರು, ಚರ್ಮ, ರೆಕ್ಸಿನ್‌ಗೆ. ಎರಡೂ ಕಡೆ ಬಳಿದು, 10-15 ನಿಮಿಷ ಬಿಟ್ಟು, ಬೆರಳಿಗೆ ಹತ್ತದ ಹಾಗಾದ ಮೇಲೆ ಒತ್ತಬೇಕು. ಒತ್ತಿದ ಮೇಲೆ ಸರಿಸಲು ಬರುವುದಿಲ್ಲ. ಕಿಟಕಿ ತೆರೆದಿರಲಿ.

ಮನೆಯಲ್ಲಿ ಬಳಸುವ ಈ ಅಂಟುಗಳಲ್ಲಿ ಯಾವುದೂ ಸರಿಯಾಗಿ ಹಿಡಿಯದ ವಸ್ತುವೂ ಒಂದಿದೆ: ಬಕೆಟ್, ಡಬ್ಬಿ ಮುಚ್ಚಳ, ಅಗ್ಗದ ಕುರ್ಚಿಯ ಪ್ಲಾಸ್ಟಿಕ್. ಪಾಲಿಥೀನ್, ಪಾಲಿಪ್ರೊಪಿಲೀನ್ ಇವು. ತಳದಲ್ಲಿ ತ್ರಿಕೋನದೊಳಗೆ 2, 4 ಅಥವಾ 5 ಅಂತ ಇರುತ್ತದೆ. ಮೇಣದ ಹಾಗೆ ಜಾರುವ ಈ ಪ್ಲಾಸ್ಟಿಕ್ ಮೇಲೆ ಅಂಟು ಹರಡದೆ ಹನಿಗಟ್ಟಿ ನಿಲ್ಲುತ್ತದೆ. ಮಕ್ಕಳ ಆಟದ ಕಾರು ಇದರದ್ದಾದರೆ ದುಡ್ಡು ಹಾಳು ಮಾಡಬೇಡಿ, ತೂತು ಕೊರೆದು ತಂತಿ ಹಾಕಿ ಬಿಗಿಯಿರಿ.

ಹಬ್ಬ ಮುಗಿದು ಗೊಂಬೆ ಮತ್ತೆ ಪೆಟ್ಟಿಗೆಗೆ ಹೋಗುವಾಗ, ಅಂಟಿಸಿದ ಗೊಂಬೆಯ ತಳದಲ್ಲಿ ಪೆನ್ಸಿಲ್‌ನಿಂದ ವರ್ಷ ಮತ್ತು ಅಂಟಿನ ಹೆಸರು ಬರೆದಿಡಿ. ಬಿಳಿ ಅಂಟಾದರೆ ಬೆಚ್ಚಗಿನ ಒದ್ದೆ ಬಟ್ಟೆ ಇಟ್ಟರೆ ಮೆತ್ತಗಾಗುತ್ತದೆ, ಕ್ವಿಕ್ ಗಮ್, ಬಿ-72 ಆದರೆ ಆಸಿಟೋನ್, ಎಪಾಕ್ಸಿಯಾದರೆ ಬಿಸಿ ಮಾಡಿದರೆ ಸ್ವಲ್ಪ ಸಡಿಲಾದೀತು ಅಷ್ಟೇ. ಮುಂದಿನ ಸಲ ಅದನ್ನು ಬಿಡಿಸಿ ಕೂರಿಸುವವರು ನಿಮ್ಮ ಸೊಸೆಯೋ ಮೊಮ್ಮಗನೋ ಆಗಿರಬಹುದು, ಏನು ಹಾಕಿದ್ದೀರಿ ಅಂತ ಅವರು ಊಹೆ ಮಾಡುತ್ತಾ ಕೂರುವುದು ತಪ್ಪುತ್ತದೆ. ಅಂಟಿಸಿದ ಜಾಗಕ್ಕೆ ನ್ಯೂಸ್ ಪೇಪರ್ ನೇರವಾಗಿ ಸುತ್ತಬೇಡಿ, ಹಳೇ ಹತ್ತಿ ಬಟ್ಟೆಯೇ ಸರಿ.